ಪರದೇಶದಲ್ಲಿ ಸೇವೆ: ಹಣಕ್ಕಿಂತ ಮೊದಲು ಅಕ್ಷರ

(ಹರದನಹಳ್ಳಿಯಲ್ಲಿ ನಡೆದ ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)

 

ಸೌದಿ ಅರೇಬಿಯಾದಲ್ಲಿ ದುಡಿಯುತ್ತಿದ್ದ ವರ್ಷಗಳಲ್ಲಿ ಸ್ವಯಂಸೇವಕರ ಜೊತೆ ಸೇರಿ ಏನು ಮಾಡಿದಿರಿ, ಅದನ್ನು ಮಕ್ಕಳಿಗೆ ತಿಳಿಸಿ ಎಂದು ಸಂಘದವರು ಕೇಳಿದ್ದಾರೆ. ಹೊರದೇಶದಲ್ಲಿ ಸಮಾಜಸೇವೆ ಎಂದ ಕೂಡಲೇ ದೊಡ್ಡ ದಾನಿಗಳು, ಸನ್ಮಾನ, ಶಾಲು ನೆನಪಾಗುತ್ತವೆ. ನಾನು ಕಂಡ ಸೇವೆ ಬೇರೆ. ಅದರಲ್ಲಿ ಮುಕ್ಕಾಲು ಪಾಲು ಕಾಗದ ಓದುವುದು, ಅರ್ಜಿ ತುಂಬುವುದು, ಕಚೇರಿಯ ಮುಂದೆ ಕಾಯುವುದು.

ಅಲ್ಲಿ ನಾವು ಯಾರೂ ಪೂರ್ಣಾವಧಿ ಸೇವಕರಲ್ಲ. ಒಬ್ಬ ಲಾರಿ ಚಾಲಕ, ಒಬ್ಬ ಅಂಗಡಿಯ ಲೆಕ್ಕಿಗ, ಒಬ್ಬ ಆಸ್ಪತ್ರೆಯ ತಂತ್ರಜ್ಞ. ಬೆಳಗಿನಿಂದ ಸಂಜೆಯವರೆಗೆ ಅವರವರ ನೌಕರಿ. ಇಶಾ ನಮಾಜಿನ ನಂತರ ಫೋನ್ ಕರೆಗಳು ಶುರು. ಒಬ್ಬನಿಗೆ ನಾಲ್ಕು ತಿಂಗಳಿಂದ ಸಂಬಳವಿಲ್ಲ, ಇನ್ನೊಬ್ಬನ ಇಕಾಮಾ, ಅಂದರೆ ವಾಸದ ಪರವಾನಗಿ, ಮುಗಿದಿದೆ, ಮತ್ತೊಬ್ಬ ಆಸ್ಪತ್ರೆಯಲ್ಲಿದ್ದಾನೆ, ಭಾಷೆ ಬಾರದು. ಶುಕ್ರವಾರ ರಜೆ. ಜುಮಾ ಮುಗಿಸಿ ಕಾರ್ಮಿಕರ ಕ್ಯಾಂಪಿಗೆ ಹೋಗುತ್ತಿದ್ದೆವು. ರಕ್ತದಾನ, ಆರೋಗ್ಯ ತಪಾಸಣೆ, ರಮಝಾನಿನಲ್ಲಿ ಇಫ್ತಾರ್ ವ್ಯವಸ್ಥೆ, ಇವೆಲ್ಲ ಇದ್ದವು. ಆದರೆ ಕ್ಯಾಂಪಿನಲ್ಲಿ ನಮಗಾಗಿ ಹೆಚ್ಚು ಜನ ಕಾಯುತ್ತಿದ್ದುದು ಒಂದು ಕಾಗದ ಹಿಡಿದು, “ಇದರಲ್ಲಿ ಏನು ಬರೆದಿದೆ ಅಣ್ಣಾ?” ಎಂದು ಕೇಳಲು.

ಹಜ್ಜಿನ ದಿನಗಳಲ್ಲಿ ಮಿನಾದಲ್ಲಿ ಕೆಲಸ ಇನ್ನೊಂದು ರೀತಿಯದು. 1997ರ ಬೆಂಕಿ ಅನಾಹುತದ ನಂತರ ಅಲ್ಲಿ ಬೆಂಕಿ ತಡೆಯುವ ಡೇರೆಗಳನ್ನು ಹಾಕಿದ್ದಾರೆ. ಲಕ್ಷಕ್ಕೂ ಮಿಕ್ಕ ಡೇರೆಗಳು, ಎಲ್ಲವೂ ಬಿಳಿ, ಎಲ್ಲವೂ ಒಂದೇ ತರಹ. ವಯಸ್ಸಾದ ಹಾಜಿಗಳು ವುಝೂ ಮಾಡಲು ಹೊರಗೆ ಬಂದರೆ ತಮ್ಮ ಡೇರೆ ಯಾವುದೆಂದು ತಿಳಿಯದೆ ಬಿಸಿಲಿನಲ್ಲಿ ಅಲೆಯುತ್ತಾರೆ. ಸ್ವಯಂಸೇವಕ ಮಾಡಬೇಕಾದುದು ಇಷ್ಟೇ: ಅವರ ಕೈಬಳೆಯ ಮೇಲಿನ ಸಂಖ್ಯೆ ಓದಬೇಕು, ನಕ್ಷೆಯಲ್ಲಿ ಅವರ ಜಾಗ ಹುಡುಕಬೇಕು, ಕೈಹಿಡಿದು ತಲುಪಿಸಬೇಕು. ಆ ಗಳಿಗೆಯಲ್ಲಿ ಕನ್ನಡದಲ್ಲಿ “ಗಾಬರಿ ಆಗಬೇಡಿ ಅಜ್ಜಿ” ಎಂಬ ಒಂದು ಮಾತು ಅವರಿಗೆ ನೀರಿನಷ್ಟೇ ಮುಖ್ಯ.

ಅತ್ಯಂತ ಕಷ್ಟದ ಕೆಲಸ ಸಾವಿನದು. ಅಲ್ಲಿ ಒಬ್ಬ ಕಾರ್ಮಿಕ ತೀರಿಕೊಂಡರೆ ಆಸ್ಪತ್ರೆಯ ವರದಿ ಬೇಕು, ಪೊಲೀಸರ ಪತ್ರ ಬೇಕು, ಮರಣ ದಾಖಲೆ ಬೇಕು, ಭಾರತದ ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಪಾಸ್‌ಪೋರ್ಟ್ ರದ್ದಾಗಬೇಕು. ಅಲ್ಲೇ ದಫನ ಮಾಡುವುದೋ, ಊರಿಗೆ ಕಳುಹಿಸುವುದೋ ಎಂದು ವಾರಸುದಾರರು ಊರಿನಿಂದ ಒಪ್ಪಿಗೆ ಪತ್ರ ಬರೆದು ಕಳುಹಿಸಬೇಕು. ಪಾಸ್‌ಪೋರ್ಟಿನಲ್ಲಿ ಮಹಮ್ಮದ್, ಪಡಿತರ ಚೀಟಿಯಲ್ಲಿ ಮೊಹಮ್ಮದ್, ಮದುವೆಯ ದಾಖಲೆಯಲ್ಲಿ ಮನೆಯಲ್ಲಿ ಕರೆಯುವ ಹೆಸರು ಎಂದಾದರೆ, ಇವಳೇ ಅವನ ಹೆಂಡತಿ ಎಂದು ತೋರಿಸಿಕೊಡುವಷ್ಟರಲ್ಲಿ ದಿನಗಳು ಉರುಳುತ್ತವೆ. ಶವಾಗಾರದಲ್ಲಿ ಮಯ್ಯತ್ ಕಾಯುತ್ತದೆ, ಊರಿನಲ್ಲಿ ತಾಯಿ ಕಾಯುತ್ತಾಳೆ. ಎಂದೋ ಒಂದು ದಿನ ಅವಸರದಲ್ಲಿ ತುಂಬಿದ ಅರ್ಜಿಯ ಒಂದು ಅಕ್ಷರ ಎಷ್ಟು ದೂರ ಬರುತ್ತದೆ ನೋಡಿ.

ದೊಡ್ಡ ವಿಪತ್ತುಗಳಲ್ಲೂ ಇದೇ ಪಾಠ. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತನ್ನು ಆಕ್ರಮಿಸಿತು. ಅಲ್ಲಿದ್ದ ಭಾರತೀಯರು ತಾವೇ ಸಮಿತಿ ಕಟ್ಟಿಕೊಂಡರು. ಮಾತುಣ್ಣಿ ಮ್ಯಾಥ್ಯೂಸ್ ಅವರಂಥ ವ್ಯಾಪಾರಿಗಳೂ ಅದರಲ್ಲಿದ್ದರು. ಶಾಲೆಗಳು ಶಿಬಿರಗಳಾದವು, ಹೆಸರುಗಳ ಪಟ್ಟಿಯಾಯಿತು, ಬಸ್ಸುಗಳಲ್ಲಿ ಜನರನ್ನು ಇರಾಕಿನ ಮೂಲಕ ಜೋರ್ಡಾನಿನ ಅಮ್ಮಾನ್ ನಗರಕ್ಕೆ ಸಾಗಿಸಲಾಯಿತು. ಅಲ್ಲಿಂದ ಏರ್ ಇಂಡಿಯಾ ಸುಮಾರು ಎರಡು ತಿಂಗಳಲ್ಲಿ 488 ಹಾರಾಟಗಳನ್ನು ನಡೆಸಿ ಲಕ್ಷಕ್ಕೂ ಮಿಕ್ಕ ಜನರನ್ನು ತಾಯ್ನಾಡಿಗೆ ಕರೆತಂದಿತು. ವಿಮಾನ ಹಾರಿಸಿದವರು ಬೇರೆ, ಪಟ್ಟಿ ಬರೆದವರು ಬೇರೆ. ಪಟ್ಟಿ ಇಲ್ಲದಿದ್ದರೆ ವಿಮಾನಕ್ಕೆ ಯಾರನ್ನು ಹತ್ತಿಸುವುದು? 2020ರಲ್ಲಿ ಕೊರೋನಾ ಬಂದಾಗಲೂ ಹಾಗೆಯೇ. ದುಬೈಯಿಂದ ಮಂಗಳೂರಿಗೆ ಮೊದಲ ವಂದೇ ಭಾರತ್ ವಿಮಾನ ಬಂದದ್ದು ಮೇ 12ರಂದು. ಗರ್ಭಿಣಿಯರು, ರೋಗಿಗಳು, ಕೆಲಸ ಕಳೆದುಕೊಂಡವರು ಮೊದಲು ಹೋಗಬೇಕಿತ್ತು. ಕಂಪ್ಯೂಟರಿನಲ್ಲಿ ಅರ್ಜಿ ತುಂಬಲು ಬಾರದವರಿಗೆ ಅದನ್ನು ತುಂಬಿಕೊಟ್ಟವರು ಸ್ವಯಂಸೇವಕರೇ.

ಇನ್ನೊಂದು ಮಾತು. ಪರದೇಶದಲ್ಲಿ ಒಳ್ಳೆಯ ಮನಸ್ಸೊಂದೇ ಸಾಲದು, ಕಾನೂನು ತಿಳಿದಿರಬೇಕು. ಯು.ಎ.ಇ.ಯಲ್ಲಿ 2021ರ ಕಾನೂನಿನಂತೆ ಅನುಮತಿ ಪಡೆದ ಸಂಸ್ಥೆಗಳಲ್ಲದೆ ಬೇರೆಯವರು ಚಂದಾ ಎತ್ತುವಂತಿಲ್ಲ. ಒಬ್ಬ ಬಡವನಿಗಾಗಿ ಫೋನಿನಲ್ಲಿ ಸಂದೇಶ ಕಳುಹಿಸಿ ಹಣ ಕೂಡಿಸಹೊರಟರೂ ತೊಂದರೆಗೆ ಸಿಕ್ಕಿಬೀಳಬಹುದು. ಆದುದರಿಂದ ಅಲ್ಲಿ ನಾವು ಧಾರಾಳವಾಗಿ ಕೊಡಬಹುದಾದದ್ದು ಸಮಯ ಮತ್ತು ತಿಳಿವಳಿಕೆ.

ಕರಾವಳಿಯಿಂದ ಹೋದಷ್ಟು ಜನ ನಮ್ಮ ಚಾಮರಾಜನಗರ, ಗುಂಡ್ಲುಪೇಟೆಯಿಂದ ಕೊಲ್ಲಿಗೆ ಹೋಗಿಲ್ಲ. ಹಾಗಾಗಿ ಹೋಗುವ ಹುಡುಗನಿಗೆ ದಾರಿ ಹೇಳಲು ಮನೆಯಲ್ಲಿ ಅನುಭವಿಗಳೂ ಕಡಿಮೆ. ವಿದ್ಯಾರ್ಥಿಗಳೇ, ಇದನ್ನು ನೀವು ತಿಳಿದಿರಬೇಕು. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ‘ಇ.ಸಿ.ಆರ್.’ ಎಂಬ ಗುರುತು ಇರುತ್ತದೆ. ಅಂಥವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರ್ಕಾರದ ಅನುಮತಿ ಪಡೆಯಬೇಕು. ಅಂದರೆ ಎಸ್.ಎಸ್.ಎಲ್.ಸಿ. ಪ್ರಮಾಣಪತ್ರ ವಿಮಾನ ನಿಲ್ದಾಣದವರೆಗೂ ನಿಮ್ಮ ಜೊತೆ ಬರುತ್ತದೆ. ಏಜೆಂಟನಿಗೆ ಸರ್ಕಾರದ ಪರವಾನಗಿ ಇದೆಯೇ ಎಂದು ‘ಇ-ಮೈಗ್ರೇಟ್’ ಜಾಲತಾಣದಲ್ಲಿ ನೋಡಬಹುದು. ಅವನು ತೆಗೆದುಕೊಳ್ಳಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿಯ ಮಿತಿ ಇದೆ, ಅದರ ಮೇಲೆ ತೆರಿಗೆ ಮಾತ್ರ. ವಿಸಿಟ್ ವೀಸಾದ ಮೇಲೆ ಹೋಗಿ ದುಡಿಯುವುದು ಅಪರಾಧ. ಪ್ರವಾಸಿ ಭಾರತೀಯ ಬೀಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ ಅಪಘಾತದಲ್ಲಿ ಮಡಿದವರ ಮನೆಗೆ 10 ಲಕ್ಷ ರೂಪಾಯಿ ಸಿಗುತ್ತದೆ. ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಇಲ್ಲವೆಂದು ಯು.ಎ.ಇ. 2022ರ ನವೆಂಬರಿನಲ್ಲಿ ಹೇಳಿತು. ನಮ್ಮಲ್ಲಿ ಒಂದೇ ಪದದ ಹೆಸರಿನವರು ಎಷ್ಟು ಮಂದಿ ಇದ್ದಾರೆಂದು ಲೆಕ್ಕ ಹಾಕಿ.

ಈ ಹರದನಹಳ್ಳಿ ತೋಂಟದ ಸಿದ್ಧಲಿಂಗ ಯತಿಗಳು ಹುಟ್ಟಿದ ಊರು. ಅವರು ನೆಲೆಸಿದ್ದು ದೂರದ ಎಡೆಯೂರಿನಲ್ಲಿ. ಊರು ಬಿಟ್ಟವರು ಊರಿಗೆ ಹೆಸರು ತರುವುದು ಹೊಸ ಮಾತಲ್ಲ. ಆದರೆ ಊರು ಬಿಡುವ ಮೊದಲೇ ಕಲಿಯಬೇಕಾದದ್ದು ಇದೆ.

ಆದ್ದರಿಂದ ಸಂಘದವರಲ್ಲಿ ನನ್ನ ಬಿನ್ನಹ ಇಷ್ಟೇ. ವಾರಕ್ಕೊಂದು ದಿನ, ಎರಡು ಗಂಟೆ, ಇಲ್ಲಿ ಒಂದು ಮೇಜು ಹಾಕಿ. ಪಿ.ಯು.ಸಿ., ಡಿಗ್ರಿ ಓದುವ ಮಕ್ಕಳು ಸರದಿಯಂತೆ ಕೂರಲಿ. ಜಾತಿ, ಧರ್ಮ ಕೇಳದೆ ಬಂದವರ ವಿದ್ಯಾರ್ಥಿವೇತನ, ಪಿಂಚಣಿ, ಪಾಸ್‌ಪೋರ್ಟ್ ಅರ್ಜಿ ತುಂಬಿಕೊಡಲಿ. ಎಲ್ಲ ದಾಖಲೆಗಳಲ್ಲೂ ಹೆಸರು, ಜನ್ಮದಿನಾಂಕ ಒಂದೇ ಇದೆಯೇ ಎಂದು ನೋಡಲಿ, ಇಲ್ಲದಿದ್ದರೆ ತಿದ್ದಿಸಲು ಜೊತೆಗೆ ಹೋಗಲಿ. ಇದಕ್ಕೆ ಕಟ್ಟಡ ಬೇಡ, ದೇಣಿಗೆ ಬೇಡ. ಮೇಜು, ಪೆನ್ನು ಮತ್ತು ತಾಳ್ಮೆ ಸಾಕು. ನಾಳೆ ಈ ಮಕ್ಕಳಲ್ಲಿ ಒಬ್ಬರು ರಿಯಾದಿಗೋ ಲಂಡನ್ನಿಗೋ ಹೋದರೆ, ಅಲ್ಲಿ ಕಾಗದ ಹಿಡಿದು ಬರುವ ಮನುಷ್ಯನಿಗೆ ಬೇಕಾದವರು ಇವರೇ ಆಗುತ್ತಾರೆ.