ಕೆಮ್ಮಿದಾಗ ಕಾಣುವ ಪಟ್ಟಿ



ಹೆಂಗಸರು ಹೆಂಗಸರ ಹತ್ತಿರವೂ ಬಾಯಿಬಿಡದ ಒಂದು ತೊಂದರೆಯ ಬಗ್ಗೆ ಇವತ್ತು ಮಾತಾಡೋಣ. ಹಾಸನ ಜಿಲ್ಲೆಯ ಯಸಳೂರು, ಹೆತ್ತೂರು ಕಡೆಯ ತೋಟಗಳಲ್ಲಿ ಕಾಫಿ ಹಣ್ಣು ಕುಯ್ಯುವ ಹೆಂಗಸು ಸಂಜೆ ತೂಕದ ಹೊತ್ತಿಗೆ ತುಂಬಿದ ಚೀಲ ಎತ್ತುತ್ತಾಳೆ, ಇಲ್ಲವೇ ಮಳೆಗಾಲದ ಥಂಡಿಗೆ ಜೋರಾಗಿ ಕೆಮ್ಮುತ್ತಾಳೆ. ಆ ಕ್ಷಣಕ್ಕೆ ಎರಡು ಹನಿ ಮೂತ್ರ ತಾನಾಗಿ ಹೋಗಿಬಿಡುತ್ತದೆ. ಎರಡು ಮೂರು ಹೆರಿಗೆ ಆದವರಲ್ಲಿ ಇದು ಅಪರೂಪವೇನಲ್ಲ. ‘ವಯಸ್ಸಾಯ್ತು, ಇನ್ನೇನು’ ಅಂದುಕೊಂಡು ಹಳೇ ಬಟ್ಟೆ ಮಡಚಿ ಇಟ್ಟುಕೊಳ್ಳುತ್ತಾರೆ; ಬಸ್ಸು ಹತ್ತುವುದು, ಮದುವೆ ಮನೆಗೆ ಹೋಗುವುದು ಬಿಡುತ್ತಾರೆ. ಕಾಯಿಲೆಗಿಂತ ಈ ಸುಮ್ಮನಿರುವಿಕೆಯೇ ಹೆಚ್ಚು ವರ್ಷ ತಿನ್ನುತ್ತದೆ.

ಒಳಗೆ ಆಗುವುದು ಇಷ್ಟು. ಹೆಣ್ಣಿನ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಉದ್ದ. ಯೋನಿಯ ಮುಂಗೋಡೆ, ಅದನ್ನು ಹಿಡಿದಿರುವ ತಳದ ಸ್ನಾಯುಗಳು ನಾಳಕ್ಕೆ ಕೆಳಗಿನಿಂದ ಆಸರೆ. ಹೆರಿಗೆಯಲ್ಲಿ ಹಿಗ್ಗಿದ ಆಸರೆ ಸಡಿಲವಾಗಿಯೇ ಉಳಿದರೆ, ಕೆಮ್ಮಿದಾಗ ಹೊಟ್ಟೆಯ ಒತ್ತಡಕ್ಕೆ ನಾಳ ಕೆಳಕ್ಕೆ ಜಾರುತ್ತದೆ, ಬಿಗಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಇದಕ್ಕೆ ಮೊದಲ ಚಿಕಿತ್ಸೆ ಚಾಕು ಅಲ್ಲ, ವ್ಯಾಯಾಮ. ಹೂಸು ತಡೆಯುವಾಗ ಬಿಗಿಯುವ ಸ್ನಾಯುವನ್ನೇ ಬಿಗಿಹಿಡಿದು ಬಿಡುವುದು: ಒಂದು ಸಲಕ್ಕೆ ಎಂಟು, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ಅಮೆರಿಕದ ಆರ್ನಾಲ್ಡ್ ಕೆಗೆಲ್ ಎಂಬ ವೈದ್ಯರು 1948ರಲ್ಲಿ ಇದನ್ನು ಪ್ರಚಾರಕ್ಕೆ ತಂದರು. ಒಲೆ ಮುಂದೆ ಕೂತೇ ಮಾಡಬಹುದು, ಪಕ್ಕದವರಿಗೂ ಗೊತ್ತಾಗುವುದಿಲ್ಲ.

ಅದರಿಂದ ಸಾಲದವರಿಗೆ ಶಸ್ತ್ರಚಿಕಿತ್ಸೆ. ಸ್ವೀಡನ್ನಿನ ವೈದ್ಯ ಉಲ್ಫ್ ಉಲ್ಮ್‌ಸ್ಟೆನ್ 1996ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಸುಮಾರು ಒಂದು ಸೆಂಟಿಮೀಟರ್ ಅಗಲದ ಪಾಲಿಪ್ರೊಪಿಲೀನ್ ಜಾಲರಿ ಪಟ್ಟಿಯನ್ನು ಮೂತ್ರನಾಳದ ನಡುಭಾಗದ ಕೆಳಗೆ ಹಾಯಿಸುತ್ತಾರೆ. 2001ರಲ್ಲಿ ಫ್ರಾನ್ಸಿನ ವೈದ್ಯ ಡೆಲೋರ್ಮ್ ಅದನ್ನೇ ತೊಡೆಯ ಸಂದಿಯ ಕಡೆಯಿಂದ ಹಾಯಿಸುವ ದಾರಿ ತೋರಿಸಿದರು. ತೋಟದಲ್ಲಿ ಕೂಸನ್ನು ಮಲಗಿಸಲು ಮರಕ್ಕೆ ಸೀರೆಯ ಜೋಲಿ ಕಟ್ಟುತ್ತೇವಲ್ಲ, ಇದೂ ಹಾಗೆಯೇ: ಭಾರ ಬಿದ್ದಾಗ ಹಿಡಿಯಬೇಕು, ಬೀಳದಾಗ ಸಡಿಲವಾಗಿರಬೇಕು. ಸುಮ್ಮನಿದ್ದಾಗಲೂ ನಾಳವನ್ನು ಒತ್ತುತ್ತಿದ್ದರೆ ಮೂತ್ರ ಸಲೀಸಾಗಿ ಬಾರದು, ಪದೇ ಪದೇ ಅವಸರವಾಗುತ್ತದೆ. ತೀರಾ ಸಡಿಲವಾದರೆ ಹಳೇ ಸೋರಿಕೆ ಹಾಗೆಯೇ ಉಳಿಯುತ್ತದೆ. ವ್ಯತ್ಯಾಸ ಬರೀ ಮಿಲಿಮೀಟರುಗಳದ್ದು.

ಹಾಗಾದರೆ ಪಟ್ಟಿ ಎಲ್ಲಿ ಕೂತಿದೆ ಎಂದು ಆಮೇಲೆ ತಿಳಿಯುವುದು ಹೇಗೆ? ಎಕ್ಸ್-ರೇಗೆ ಈ ಪ್ಲಾಸ್ಟಿಕ್ ಕಾಣುವುದೇ ಇಲ್ಲ. ದುಬಾರಿ ಎಂಆರ್‌ಐ ಯಂತ್ರದಲ್ಲೂ ಅದನ್ನು ಗುರುತಿಸುವುದು ಕಷ್ಟ. ಆದರೆ ಬಸುರಿಯರಿಗೆ ಮಾಡುವ ಮಾಮೂಲಿ ಅಲ್ಟ್ರಾಸೌಂಡ್ ಸ್ಕ್ಯಾನಿನಲ್ಲಿ ಅದು ಬೆಳ್ಳಗೆ ಹೊಳೆಯುತ್ತದೆ! ನಮ್ಮ ಕಿವಿ ಸೆಕೆಂಡಿಗೆ 20 ಸಾವಿರ ಕಂಪನದ ಆಚೆಗಿನ ಶಬ್ದ ಕೇಳದು. ಈ ಯಂತ್ರದ ಶಬ್ದ ಸೆಕೆಂಡಿಗೆ 30ರಿಂದ 60 ಲಕ್ಷ ಸಲ ಕಂಪಿಸುತ್ತದೆ. ಪಟ್ಟಿಗೆ ತಾಗಿ ಮರಳುವ ಆ ಶಬ್ದವೇ ಪರದೆಯ ಮೇಲೆ ಚಿತ್ರವಾಗುತ್ತದೆ. ವಿಕಿರಣದ ಭಯವಿಲ್ಲ.

ಪರೀಕ್ಷೆಯೂ ಸರಳ. ಮಲಗಿ ಮೊಣಕಾಲು ಮಡಚಬೇಕು. ಹೊಟ್ಟೆಯ ಮೇಲೆ ಆಡಿಸುವ ಉಪಕರಣಕ್ಕೇ ಹೊದಿಕೆ ಹಾಕಿ, ಜೆಲ್ ಸವರಿ, ಜನನಾಂಗದ ಹೊರಭಾಗಕ್ಕೆ ಇಡುತ್ತಾರೆ, ಒಳಗೆ ತೂರಿಸುವುದಿಲ್ಲ. ಸಿಡ್ನಿಯ ವೈದ್ಯ ಹ್ಯಾನ್ಸ್ ಪೀಟರ್ ಡೀಟ್ಸ್ ಈ ವಿಧಾನವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ ಕಲಿಸಿದವರು. ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಮುಂದಿನದು: ವೈದ್ಯರು ‘ಕೆಮ್ಮಿ’, ‘ಮುಕ್ಕಿ’ ಅನ್ನುತ್ತಾರೆ. ಸೋರಿಕೆ ಯಾವ ಕ್ಷಣದಲ್ಲಿ ಆಗುತ್ತದೋ ಅದೇ ಕ್ಷಣ ಪರದೆಯ ಮೇಲೆ ನಡೆಯುತ್ತದೆ. ಸರಿಯಾಗಿ ಕೂತ ಪಟ್ಟಿ ಸುಮ್ಮನಿದ್ದಾಗ ಚಪ್ಪಟೆ, ಕೆಮ್ಮಿದಾಗ ಬಾಗಿ ನಾಳವನ್ನು ಹಿಡಿಯುತ್ತದೆ. ಸುಮ್ಮನಿರುವಾಗಲೇ ಬಾಗಿದ್ದರೆ ಬಿಗಿಯಾಗಿದೆಯೇನೋ ಎಂಬ ಅನುಮಾನ. ಮುಕ್ಕಿದಾಗಲೂ ಪಟ್ಟಿಗೂ ಕಿಬ್ಬೊಟ್ಟೆಯ ಮುಂಭಾಗದ ಮೂಳೆಗೂ ನಡುವೆ ಅಂತರ ಹೆಚ್ಚಿದ್ದರೆ ಸಡಿಲ. ಮೂತ್ರ ಮಾಡಿ ಬಂದ ಮೇಲೆ ಮೂತ್ರಚೀಲದಲ್ಲಿ ಎಷ್ಟು ಉಳಿದಿದೆ ಎನ್ನುವುದೂ ಅಲ್ಲೇ ಅಳತೆಗೆ ಸಿಗುತ್ತದೆ. ಮಿತಿಗಳೂ ಇವೆ. ಮೂಳೆಯ ನೆರಳಿನಲ್ಲಿ ಪಟ್ಟಿಯ ತುದಿಗಳು ಮರೆಯಾಗುತ್ತವೆ. ಪಟ್ಟಿ ಯೋನಿಯ ಗೋಡೆ ಕೊರೆದು ಹೊರಬಂದಿದ್ದರೆ ವೈದ್ಯರು ಕಣ್ಣಾರೆ ನೋಡಿಯೇ ಹೇಳಬೇಕು.

ಹಾಗಂತ ಸೋರುವವರೆಲ್ಲ ಸ್ಕ್ಯಾನಿಗೆ ಓಡಬೇಕಿಲ್ಲ. ಮೊದಲ ಭೇಟಿಯಲ್ಲಿ ನಿಮ್ಮ ಬಾಯಿಮಾತೇ ದೊಡ್ಡ ಪರೀಕ್ಷೆ. ಶಸ್ತ್ರಚಿಕಿತ್ಸೆಯ ನಂತರ ನೋವು, ಮೂತ್ರ ಕಟ್ಟಿಕೊಳ್ಳುವಿಕೆ, ಮತ್ತೆ ಸೋರಿಕೆ ಕಂಡಾಗ ಸ್ಕ್ಯಾನಿನ ಬೆಲೆ ತಿಳಿಯುತ್ತದೆ. ಜಾಲರಿಗಳ ತೊಂದರೆಯಿಂದ ಹೊರದೇಶಗಳಲ್ಲಿ ದೊಡ್ಡ ಗದ್ದಲವೇ ಆಯಿತು. ಇಂಗ್ಲೆಂಡ್ 2018ರ ಜುಲೈಯಲ್ಲಿ ಈ ಪಟ್ಟಿಗಳ ಬಳಕೆಯನ್ನೂ ತಡೆಹಿಡಿಯಿತು. ಅಮೆರಿಕ 2019ರಲ್ಲಿ ಗರ್ಭಕೋಶ, ಮೂತ್ರಚೀಲದಂಥ ಅಂಗಗಳ ಜಾರುವಿಕೆಗೆ ಯೋನಿಯ ಮೂಲಕ ಹಾಕುವ ಜಾಲರಿಗಳ ಮಾರಾಟ ನಿಲ್ಲಿಸಿತೇ ಹೊರತು ಸೋರಿಕೆಯ ಪಟ್ಟಿಯನ್ನಲ್ಲ. ಎರಡನ್ನೂ ಒಂದೇ ಎಂದು ಹೆದರುವುದು ಬೇಡ, ಕೇಳದೆ ಒಪ್ಪುವುದೂ ಬೇಡ.

ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ 1994ರ ಕಾಯಿದೆಯಂತೆ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡು, ಬೆಂಚಿನ ತುಂಬ ಬಸುರಿಯರು. ಐವತ್ತು ದಾಟಿದವರು ಅಲ್ಲಿ ಕೂತರೆ ಊರಿನವರು ಯಾರಾದರೂ ನೋಡಿಯೇ ನೋಡುತ್ತಾರೆ. ನೋಡಲಿ ಬಿಡಿ. ಹಾಸನದಂಥ ಊರಿನ ಯಂತ್ರಗಳಲ್ಲೂ ಈ ಚಿತ್ರ ಸಿಗುತ್ತದೆ. ಅದನ್ನು ಓದಬಲ್ಲ ತರಬೇತಿ ಪಡೆದ ಕಣ್ಣು ಎಲ್ಲಿದೆ ಎಂದು ನಿಮ್ಮ ಸ್ತ್ರೀರೋಗ ತಜ್ಞರನ್ನು ಕೇಳಿ.

ಪಟ್ಟಿ ಹಾಕಿಸಿಕೊಂಡಿದ್ದರೆ ಅದರ ಹೆಸರು, ಹಾಯಿಸಿದ ದಾರಿ ಎರಡನ್ನೂ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಂಡು, ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿ. ಪರೀಕ್ಷೆಗೆ ಹೋದಾಗ ಆ ಚೀಟಿ ಕೈಯಲ್ಲಿರಲಿ. ಕೆಮ್ಮಿ ಅಂದಾಗ ಜೋರಾಗಿಯೇ ಕೆಮ್ಮಿ. ಎರಡು ಹನಿ ಬಿದ್ದರೆ ನಾಚಬೇಡಿ, ವೈದ್ಯರು ಕೂತಿರುವುದು ಅದನ್ನು ನೋಡುವುದಕ್ಕೇ.