ಮೊದಲ ಸ್ಲೈಡ್ ಮಾಡೋದು ಹೇಗೆ? ಪಿಪಿಟಿ ಬರಲ್ಲ ಅಂತ ಸೆಮಿನಾರ್ ತಪ್ಪಿಸಬೇಡಿ



ಇವತ್ತಿನ ವಿಷಯ ಕೇಳಿ ಕೆಲವರು ನಗಬಹುದು. ಕಂಪ್ಯೂಟರ್‌ನಲ್ಲಿ ಪ್ರೆಸೆಂಟೇಷನ್ ಮಾಡೋದು ಹೇಗೆ ಅನ್ನೋದೇ ವಿಷಯ. "ಅಯ್ಯೋ, ಇದೆಲ್ಲ ಎಲ್ಲರಿಗೂ ಗೊತ್ತಲ್ವಾ?" ಅಂತೀರಾ? ಎಲ್ಲರಿಗೂ ಗೊತ್ತಿಲ್ಲ. ಫೋನಲ್ಲಿ ರೀಲ್ಸ್ ಎಡಿಟ್ ಮಾಡೋ ಹುಡುಗ, ಆನ್‌ಲೈನಲ್ಲಿ ಮನೆ ಬಿಲ್ ಕಟ್ಟೋ ಹುಡುಗಿ, ಕಾಲೇಜಿನ ಲ್ಯಾಬಲ್ಲಿ ಮೌಸ್ ಹಿಡಿದ ತಕ್ಷಣ ಸುಮ್ಮನಾಗಿಬಿಡ್ತಾರೆ. ಪಕ್ಕದವರಿಗೆಲ್ಲ ಬರುತ್ತೆ, ನನಗೊಬ್ಬನಿಗೇ ಬರಲ್ಲ ಅನ್ನೋ ಭಯ. ಕೇಳೋಕೆ ನಾಚಿಕೆ. ಕೊನೆಗೆ ಸ್ನೇಹಿತರ ಹತ್ರ ಮಾಡಿಸ್ಕೊಳ್ಳೋದು, ಇಲ್ಲಾ ಸೆಮಿನಾರ್ ದಿನ ಜ್ವರ ಅಂತ ಹೇಳೋದು.

ನಾನೂ ಅದೇ ಗುಂಪಿನವನು. ಡಿಗ್ರಿ ಕೊನೇ ವರ್ಷ, ಕನ್ನಡದಲ್ಲಿ ಸೆಮಿನಾರ್. ಸೈಬರ್ ಸೆಂಟರ್‌ನಲ್ಲಿ ಕೂತು ರಾತ್ರಿ ಎಂಟರವರೆಗೆ ಟೈಪ್ ಮಾಡಿಸಿ, ಪೆನ್‌ಡ್ರೈವಲ್ಲಿ ತಗೊಂಡು ಹೋದೆ. ಹಾಲ್‌ನಲ್ಲಿ ಫೈಲ್ ತೆರೆದರೆ ಒಂದೇ ಒಂದು ಕನ್ನಡ ಅಕ್ಷರ ಇಲ್ಲ! ತಲೆ ಮೇಲೆ ಕೊಂಬು ಇರೋ ಇಂಗ್ಲಿಷ್ 'ಎ', ಪೌಂಡ್ ಗುರುತು, ಏನೇನೋ ಚಿಹ್ನೆಗಳು. ಹಿಂದಿನ ಬೆಂಚಿನವರು ನಕ್ಕರು. ಸ್ಲೈಡ್ ಇಲ್ಲದೆ ನನಗೆ ಎರಡು ನಿಮಿಷ ಕೂಡ ಮಾತಾಡೋಕೆ ಬರಲಿಲ್ಲ. ಅಕ್ಷರ ಹೋಗಿದ್ದಕ್ಕಿಂತ ಇದೇ ಹೆಚ್ಚು ಚುಚ್ಚಿತು. ಯಾಕಂದ್ರೆ ನಾನು ವಿಷಯ ಕಲ್ತಿರಲಿಲ್ಲ, ಪರದೆ ಮೇಲೆ ಓದೋಕೆ ಹೋಗಿದ್ದೆ ಅಷ್ಟೇ. ಆವತ್ತು ಮಾಡಿದ ತಪ್ಪುಗಳನ್ನ ಒಂದೊಂದಾಗಿ ಸರಿ ಮಾಡೋಣ ಬನ್ನಿ.

ಮೊದಲು ಒಂದು ಚಿಕ್ಕ ಇತಿಹಾಸ. ಪವರ್‌ಪಾಯಿಂಟ್ ಮೈಕ್ರೋಸಾಫ್ಟ್ ಹುಟ್ಟುಹಾಕಿದ್ದಲ್ಲ. ಫೋರ್‌ಥಾಟ್ ಅನ್ನೋ ಸಣ್ಣ ಕಂಪನಿಯಲ್ಲಿ ರಾಬರ್ಟ್ ಗ್ಯಾಸ್ಕಿನ್ಸ್, ಡೆನ್ನಿಸ್ ಆಸ್ಟಿನ್ ಮತ್ತವರ ಜೊತೆಗಾರರು ಮಾಡಿದ್ದು. ಮೊದಲು ಇಟ್ಟಿದ್ದ ಹೆಸರು 'ಪ್ರೆಸೆಂಟರ್'. 1987ರಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರ್‌ಗೆ ಬಂತು, ಅದೂ ಕಪ್ಪು ಬಿಳುಪಿನಲ್ಲಿ. ಅದೇ ವರ್ಷ ಮೈಕ್ರೋಸಾಫ್ಟ್ 1.4 ಕೋಟಿ ಡಾಲರ್ ಕೊಟ್ಟು ಆ ಕಂಪನಿಯನ್ನ ಕೊಂಡುಕೊಂಡಿತು. ಆಗ ಇದರ ಕೆಲಸ ಏನಪ್ಪಾ ಅಂದ್ರೆ, ಪಾರದರ್ಶಕ ಹಾಳೆ ಮೇಲೆ ಮುದ್ರಿಸಿ ಪ್ರೊಜೆಕ್ಟರ್ ಮೇಲೆ ಇಡೋಕೆ ಬೇಕಾದ ಪುಟಗಳನ್ನ ತಯಾರು ಮಾಡೋದು. ಅಂದ್ರೆ ಮಾತಾಡೋ ಮನುಷ್ಯನಿಗೆ ಸಹಾಯಕ್ಕೆ ಅಂತ ಹುಟ್ಟಿದ ಸಾಧನ ಇದು. ಮನುಷ್ಯನ ಬದಲಿಗೆ ಮಾತಾಡೋಕೆ ಅಲ್ಲ. ಇದನ್ನ ನೆನಪಲ್ಲಿಡಿ.

ಈಗ ಕೆಲಸ. ಒಂದು ನಿಜವಾದ ವಿಷಯ ಇಟ್ಕೊಳ್ಳೋಣ, ರಾಗಿ. ಐದು ಸ್ಲೈಡ್, ಎಂಟು ನಿಮಿಷದ ಮಾತು.

ಮೊದಲನೇ ಹೆಜ್ಜೆಗೆ ಕಂಪ್ಯೂಟರ್ ಬೇಡ. ಒಂದು ಹಾಳೆ ತಗೊಂಡು ಐದು ಚೌಕ ಬರೀರಿ. ಒಂದೊಂದು ಚೌಕದಲ್ಲಿ ಒಂದೇ ಒಂದು ವಾಕ್ಯ. ಮೊದಲನೇದು ವಿಷಯ ಮತ್ತು ನಿಮ್ಮ ಹೆಸರು. ಎರಡು: ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯೋದು ಕರ್ನಾಟಕ. ಮೂರು: ಅಕ್ಕಿಗಿಂತ ರಾಗಿಯಲ್ಲಿ ಸುಣ್ಣದಂಶ ಎಷ್ಟೋ ಪಟ್ಟು ಹೆಚ್ಚು. ನಾಲ್ಕು: 'ರಾಗಿ ಲಕ್ಷ್ಮಣಯ್ಯ' ಅಂತಲೇ ಹೆಸರಾದ ವಿಜ್ಞಾನಿ ಭಾರತದ ಮತ್ತು ಆಫ್ರಿಕಾದ ರಾಗಿಯನ್ನ ಕೂಡಿಸಿ 'ಇಂಡಾಫ್' ತಳಿಗಳನ್ನ ಕೊಟ್ಟರು. ಐದು: ನಮ್ಮ ಮನೆಯಲ್ಲಿ ವಾರಕ್ಕೆ ಎಷ್ಟು ಸಲ ಮುದ್ದೆ ಮಾಡ್ತಾರೆ, ಅಜ್ಜಿ ಕಾಲದಲ್ಲಿ ಎಷ್ಟು ಸಲ ಮಾಡ್ತಿದ್ರು. ಈ ಐದು ವಾಕ್ಯ ಬಂತು ಅಂದ್ರೆ ನಿಮ್ಮ ಪ್ರೆಸೆಂಟೇಷನ್ ಅರ್ಧ ಮುಗೀತು.

ಈಗ ಕಂಪ್ಯೂಟರ್ ಮುಂದೆ ಕೂರಿ. ಪವರ್‌ಪಾಯಿಂಟ್ ಇದ್ರೆ ಸರಿ. ಇಲ್ಲಾಂದ್ರೆ ಲಿಬ್ರೆಆಫೀಸ್ ಇಂಪ್ರೆಸ್ ಇದೆ, ಪೂರ್ತಿ ಉಚಿತ. ಇಂಟರ್ನೆಟ್ ಇದ್ರೆ ಗೂಗಲ್ ಸ್ಲೈಡ್ಸ್, ಅದು ನಿಮ್ಮ ಫೋನಲ್ಲೂ ತೆರೆಯುತ್ತೆ. ಮೂರರ ಗುಣವೂ ಹೆಚ್ಚುಕಮ್ಮಿ ಒಂದೇ. ಪವರ್‌ಪಾಯಿಂಟಲ್ಲಿ 'ಬ್ಲ್ಯಾಂಕ್ ಪ್ರೆಸೆಂಟೇಷನ್' ಒತ್ತಿ. ಎಡಗಡೆ ಸಣ್ಣ ಸಣ್ಣ ಚಿತ್ರಗಳ ಸಾಲು ಕಾಣುತ್ತಲ್ಲ, ಅವು ನಿಮ್ಮ ಎಲ್ಲ ಸ್ಲೈಡ್‌ಗಳು. ನಡುವೆ ದೊಡ್ಡದಾಗಿ ಇರೋದು ಈಗ ನೀವು ಕೆಲಸ ಮಾಡ್ತಿರೋ ಸ್ಲೈಡ್. ಅದರ ಕೆಳಗೆ ನೋಟ್ಸ್ ಬರೆಯೋ ಜಾಗ. ಅಷ್ಟೇ ನಕ್ಷೆ.

ಏನೂ ಬರೆಯೋ ಮುಂಚೆ ಕಂಟ್ರೋಲ್ ಮತ್ತು ಎಸ್ ಒತ್ತಿ ಸೇವ್ ಮಾಡಿ. ಹೆಸರು ಕೊಡುವಾಗ 'ನ್ಯೂ', 'ಫೈನಲ್', 'ಫೈನಲ್ ಟು' ಅಂತೆಲ್ಲ ಕೊಡಬೇಡಿ. ವಿಷಯ, ನಿಮ್ಮ ಹೆಸರು, ಅಷ್ಟು ಸಾಕು. ಆಮೇಲೆ ಪ್ರತಿ ಸ್ಲೈಡ್ ಮುಗಿದಾಗಲೂ ಅದೇ ಎರಡು ಕೀ. ಲ್ಯಾಬಲ್ಲಿ ಕರೆಂಟ್ ಹೇಳಿ ಹೋಗಲ್ಲ.

ಸ್ಲೈಡಲ್ಲಿ ಚುಕ್ಕಿ ಗೆರೆಯ ಎರಡು ಪೆಟ್ಟಿಗೆ ಕಾಣುತ್ತೆ. ಮೇಲಿನದು ತಲೆಬರಹಕ್ಕೆ. ಕ್ಲಿಕ್ ಮಾಡಿ, ಟೈಪ್ ಮಾಡಿ. ಹೊಸ ಸ್ಲೈಡ್ ಬೇಕು ಅಂದ್ರೆ ಕಂಟ್ರೋಲ್ ಮತ್ತು ಎಂ. ಬಹಳ ಜನ ಆ ಪೆಟ್ಟಿಗೆಗಳನ್ನ ಅಳಿಸಿ, ತಾವೇ ಬೇರೆ ಟೆಕ್ಸ್ಟ್ ಬಾಕ್ಸ್ ಹಾಕ್ತಾರೆ. ಹಾಗೆ ಮಾಡಬೇಡಿ. ಕೊಟ್ಟಿರೋ ಪೆಟ್ಟಿಗೆಯಲ್ಲೇ ಬರೆದರೆ ನಾಳೆ ಡಿಸೈನ್ ಬದಲಾಯಿಸಿದಾಗ ಐದೂ ಸ್ಲೈಡ್‌ನ ಅಕ್ಷರ, ಬಣ್ಣ, ಜಾಗ ಒಟ್ಟಿಗೇ ಬದಲಾಗುತ್ತೆ. ಇಲ್ಲಾಂದ್ರೆ ಒಂದೊಂದನ್ನೂ ಕೈಯಲ್ಲಿ ಎಳೀತಾ ಕೂರಬೇಕು.

ಚಿತ್ರ ಹಾಕೋಕೆ 'ಇನ್ಸರ್ಟ್', ಆಮೇಲೆ 'ಪಿಕ್ಚರ್ಸ್'. ದೊಡ್ಡದು ಮಾಡುವಾಗ ಮೂಲೆಯ ಚುಕ್ಕಿ ಹಿಡಿದು ಎಳೀರಿ. ಪಕ್ಕದ ಚುಕ್ಕಿ ಹಿಡಿದರೆ ಮನುಷ್ಯರೆಲ್ಲ ಕುಳ್ಳರಾಗಿ ದಪ್ಪ ಆಗಿಬಿಡ್ತಾರೆ. ಇನ್ನೊಂದು ಮಾತು. ರಾಗಿ ತೆನೆಯ ಫೋಟೋ ಬೇಕು ಅಂದ್ರೆ ಇಂಟರ್ನೆಟ್‌ಗೆ ಓಡಬೇಡಿ. ಊರಿಗೆ ಹೋದಾಗ ನಿಮ್ಮ ಫೋನಲ್ಲೇ ತೆಗೀರಿ. ಮನೆಯ ಹೊಲ, ಅಜ್ಜಿಯ ಕೈಯಲ್ಲಿನ ಮುದ್ದೆ ಕೋಲು. ಅದು ಕ್ಲಾಸಲ್ಲಿ ಬೇರೆ ಯಾರ ಹತ್ರಾನೂ ಇರೋದಿಲ್ಲ. ಅದರ ಬಗ್ಗೆ ಯಾರು ಏನೇ ಕೇಳಿದ್ರೂ ನಿಮಗೆ ಉತ್ತರ ಗೊತ್ತಿರುತ್ತೆ.

ಈಗ ನನ್ನ ಮಾನ ಕಳೆದ ಕನ್ನಡ ಅಕ್ಷರಕ್ಕೆ ಬರೋಣ. ಆಗಿದ್ದಿಷ್ಟು. ಹಳೇ ಪದ್ಧತಿಯ ಫಾಂಟುಗಳಲ್ಲಿ ಫೈಲ್ ಒಳಗೆ ಇರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಫಾಂಟು ಅದರ ಮೇಲೆ ಕನ್ನಡದ ಮುಖವಾಡ ಹಾಕುತ್ತೆ. ಆ ಫಾಂಟು ಇಲ್ಲದ ಕಂಪ್ಯೂಟರ್‌ಗೆ ಹೋದ ತಕ್ಷಣ ಮುಖವಾಡ ಕಳಚಿ ಬೀಳುತ್ತೆ. ಯೂನಿಕೋಡ್ ಹಾಗಲ್ಲ. ಅದರಲ್ಲಿ 'ಕ' ಅನ್ನೋದಕ್ಕೆ ತನ್ನದೇ ಸಂಖ್ಯೆ ಇದೆ, ಯಾವ ಕಂಪ್ಯೂಟರ್‌ಗೆ ಹೋದ್ರೂ ಅದು 'ಕ'. ನಿಮ್ಮ ಫೋನಲ್ಲಿ ವಾಟ್ಸಾಪ್‌ನಲ್ಲಿ ಟೈಪ್ ಮಾಡೋದು ಯೂನಿಕೋಡೇ. ಹಾಗಾಗಿ ಕಂಪ್ಯೂಟರ್‌ನಲ್ಲಿ ಕನ್ನಡ ಟೈಪಿಂಗ್ ಕಷ್ಟ ಅನಿಸಿದ್ರೆ ಫೋನಲ್ಲೇ ಟೈಪ್ ಮಾಡಿ, ನಿಮಗೆ ನೀವೇ ಮೇಲ್ ಕಳಿಸ್ಕೊಂಡು ಅಲ್ಲಿಂದ ನಕಲು ಮಾಡಿ ಅಂಟಿಸಿ. ನುಡಿ, ಬರಹ ಬಳಸೋರು ಯೂನಿಕೋಡ್ ಆಯ್ಕೆ ಆನ್ ಆಗಿದ್ಯಾ ನೋಡ್ಕೊಳ್ಳಿ. ಫಾಂಟು ವಿಂಡೋಸ್‌ನಲ್ಲೇ ಬರೋ ನಿರ್ಮಲಾ ಯುಐ ಇಟ್ರೆ ಸಾಕು. ಕೊನೆಗೆ ಅದೇ ಫೈಲನ್ನ ಪಿಡಿಎಫ್ ಆಗಿ ಒಂದು ಪ್ರತಿ ಮಾಡಿ, ಪೆನ್‌ಡ್ರೈವಲ್ಲೊಂದು, ಮೇಲ್‌ನಲ್ಲೊಂದು ಇಡಿ. ಪಿಡಿಎಫ್‌ನಲ್ಲಿ ಅಕ್ಷರ ಸಾಮಾನ್ಯವಾಗಿ ಇದ್ದ ಹಾಗೇ ಇರುತ್ತೆ. ಅನಿಮೇಷನ್ ಹೋಗುತ್ತೆ, ಹೋಗಲಿ ಬಿಡಿ.

ಇನ್ನು ಸ್ಲೈಡಲ್ಲಿ ಏನು ಬರೀಬೇಕು? ಇಲ್ಲಿ ಸ್ವಲ್ಪ ಗಂಭೀರವಾಗಿ ಒಂದು ಘಟನೆ ಹೇಳ್ತೀನಿ. 2003ರ ಜನವರಿ 16ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಹಾರಿತು. ಅದರಲ್ಲಿ ನಮ್ಮ ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಇದ್ದರು. ಹಾರಿ ಸುಮಾರು 82 ಸೆಕೆಂಡಿಗೆ ಇಂಧನ ಟ್ಯಾಂಕಿನ ಫೋಮ್ ತುಂಡೊಂದು ಕಳಚಿ ಎಡ ರೆಕ್ಕೆಗೆ ಬಡೀತು. ನೌಕೆ ಇನ್ನೂ ಮೇಲಿದ್ದಾಗಲೇ ಎಂಜಿನಿಯರ್‌ಗಳು ಇದರಿಂದ ಅಪಾಯ ಇದ್ಯಾ ಅಂತ ಲೆಕ್ಕ ಹಾಕಿ, ಸ್ಲೈಡ್‌ಗಳಲ್ಲಿ ಮೇಲಧಿಕಾರಿಗಳಿಗೆ ತೋರಿಸಿದರು. ಒಂದು ಸ್ಲೈಡ್‌ನ ತಲೆಬರಹ ಓದಿದ್ರೆ ಎಲ್ಲ ಸುರಕ್ಷಿತ ಅನ್ನೋ ಭಾವನೆ ಬರುತ್ತೆ. ಕೆಳಗೆ ಸಾಲಿನ ಒಳಗೆ ಸಾಲು, ಸಣ್ಣ ಅಕ್ಷರ. ಕೊನೆಯಲ್ಲಿ ಇದ್ದ ಮಾತು ಇದು: ಪರೀಕ್ಷೆಯಲ್ಲಿ ಬಳಸಿದ್ದ ಫೋಮ್ 3 ಘನ ಇಂಚು, ನೌಕೆಗೆ ಬಡಿದಿದ್ದು ಅಂದಾಜು 1920 ಘನ ಇಂಚು. ಅಂದ್ರೆ 640 ಪಟ್ಟು ದೊಡ್ಡದು! ಆ ಪರೀಕ್ಷೆ ನಂಬಿ ಏನನ್ನೂ ಹೇಳೋಕೆ ಆಗಲ್ಲ ಅನ್ನೋದೇ ಮುಖ್ಯ ವಿಷಯ. ಅದು ತಳದಲ್ಲಿ ಮುಚ್ಚಿಹೋಗಿತ್ತು. ಫೆಬ್ರವರಿ 1ರಂದು ವಾಪಸ್ ಬರುವಾಗ ನೌಕೆ ಛಿದ್ರವಾಯಿತು, ಏಳೂ ಜನ ತೀರಿಕೊಂಡರು. ಸ್ಲೈಡ್‌ನಿಂದಲೇ ಅಪಘಾತ ಆಯ್ತು ಅಂತ ಹೇಳೋಕೆ ಆಗಲ್ಲ. ಆದ್ರೆ ಎಡ್ವರ್ಡ್ ಟಫ್ಟಿ ಅನ್ನೋ ವಿದ್ವಾಂಸರು ಆ ಸ್ಲೈಡನ್ನ ಬಿಡಿಸಿ ವಿಶ್ಲೇಷಣೆ ಮಾಡಿದ್ರು, ತನಿಖಾ ಮಂಡಳಿಯೂ ತನ್ನ ವರದಿಯಲ್ಲಿ ಅದನ್ನ ಎತ್ತಿ ಹೇಳಿತು.

ನಮ್ಮ ಸೆಮಿನಾರಲ್ಲಿ ಯಾರ ಜೀವವೂ ಹೋಗಲ್ಲ, ನಿಜ. ಪಾಠ ಮಾತ್ರ ಅದೇ. ಮುಖ್ಯ ಮಾತು ತಲೆಬರಹದಲ್ಲೇ ಇರಲಿ, ಪೂರ್ತಿ ವಾಕ್ಯವಾಗಿ ಇರಲಿ. 'ರಾಗಿ: ಪೋಷಕಾಂಶಗಳು' ಅಂತ ಬರೆದ್ರೆ ಏನೂ ಹೇಳಿದ ಹಾಗಾಗಲಿಲ್ಲ. 'ಅಕ್ಕಿಗಿಂತ ರಾಗಿಯಲ್ಲಿ ಸುಣ್ಣದಂಶ ಎಷ್ಟೋ ಪಟ್ಟು ಹೆಚ್ಚು' ಅಂತ ಬರೀರಿ. ಕೆಳಗೆ ಎರಡೇ ಸಂಖ್ಯೆ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 10ರ ಆಸುಪಾಸು. ಮುಗೀತು. ಉಳಿದಿದ್ದು ನಿಮ್ಮ ಬಾಯಲ್ಲಿ ಬರಲಿ. ಮರೆತು ಹೋಗುತ್ತೆ ಅನ್ನೋ ಭಯ ಇದ್ರೆ ಕೆಳಗಿನ ನೋಟ್ಸ್ ಜಾಗದಲ್ಲಿ ಬರ್ಕೊಳ್ಳಿ, ಅದು ಪರದೆ ಮೇಲೆ ಕಾಣಲ್ಲ.

ಅಕ್ಷರದ ಗಾತ್ರ 24ಕ್ಕಿಂತ ಕಡಿಮೆ ಬೇಡ. ತಿಳಿ ಹಿನ್ನೆಲೆಗೆ ಕಡು ಅಕ್ಷರ. ಹಳದಿ ಮೇಲೆ ಬಿಳಿ, ಕೆಂಪು ಮೇಲೆ ನೀಲಿ ಬೇಡವೇ ಬೇಡ. ಒಂದು ಸಣ್ಣ ಪರೀಕ್ಷೆ ಮಾಡಿ. ಎದ್ದು ಏಳೆಂಟು ಹೆಜ್ಜೆ ಹಿಂದೆ ಹೋಗಿ ನೋಡಿ. ನಿಮಗೇ ಓದೋಕೆ ಆಗ್ಲಿಲ್ಲ ಅಂದ್ರೆ ಹಿಂದಿನ ಬೆಂಚಿಗೆ ಖಂಡಿತ ಆಗಲ್ಲ. ಅಕ್ಷರ ಗಿರಗಿರ ತಿರುಗಿ ಬರೋ ಅನಿಮೇಷನ್ ಕೂಡ ಬೇಡ. ಜನ ಅಕ್ಷರದ ಕುಣಿತ ನೋಡ್ತಾರೆ, ನಿಮ್ಮ ಮಾತು ಕೇಳಲ್ಲ.

ತೋರಿಸೋಕೆ ಎಫ್5 ಒತ್ತಿ, ಪೂರ್ತಿ ಪರದೆ ತುಂಬುತ್ತೆ. ಮುಂದೆ ಹೋಗೋಕೆ ಬಾಣದ ಕೀ, ಹೊರಗೆ ಬರೋಕೆ ಎಸ್ಕೇಪ್. ಗೂಗಲ್ ಸ್ಲೈಡ್ಸ್‌ನಲ್ಲಿ ಮೇಲೆ ಸ್ಲೈಡ್‌ಶೋ ಬಟನ್ ಇದೆ. ಇನ್ನೊಂದು ಕೀ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ತೋರಿಸ್ತಾ ಇರುವಾಗ 'ಬಿ' ಒತ್ತಿದ್ರೆ ಪರದೆ ಕಪ್ಪಾಗುತ್ತೆ, ಎಲ್ಲರ ಕಣ್ಣು ನಿಮ್ಮ ಕಡೆ ತಿರುಗುತ್ತೆ. ಮತ್ತೆ ಒತ್ತಿದ್ರೆ ಸ್ಲೈಡ್ ವಾಪಸ್. ಅಜ್ಜಿಯ ಮುದ್ದೆ ಕಥೆ ಹೇಳುವಾಗ ಒಮ್ಮೆ ಒತ್ತಿ ನೋಡಿ.

ಕೊನೇದಾಗಿ ಅಭ್ಯಾಸ. ಇದಕ್ಕೆ ನಿಮ್ಮ ಫೋನೇ ಮೇಷ್ಟ್ರು. ರೆಕಾರ್ಡರ್ ಆನ್ ಮಾಡಿ, ಎಂಟು ನಿಮಿಷದ ಟೈಮರ್ ಇಟ್ಟು ಜೋರಾಗಿ ಮಾತಾಡಿ. ಮೊದಲ ಸಲ ಸ್ಲೈಡ್ ನೋಡ್ಕೊಂಡು, ಎರಡನೇ ಸಲ ಸ್ಲೈಡ್ ಇಲ್ಲದೆ. ಎರಡನೇ ಸಲ ಐದು ವಾಕ್ಯ ನೆನಪಿಗೆ ಬಂತು ಅಂದ್ರೆ ಪ್ರೊಜೆಕ್ಟರ್ ಕೆಟ್ಟರೂ ನೀವು ಕೆಡಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಕೆಲವರ ಮನಸ್ಸಲ್ಲಿ ಒಂದು ಅಳುಕು ಇರುತ್ತೆ. ಸ್ಲೈಡ್ ಇಂಗ್ಲಿಷಲ್ಲಿದ್ರೆ ಮಾತ್ರ ಬೆಲೆ ಅಂತ. ಅದಕ್ಕೇ ಅಲ್ವಾ ಎಲ್ಲಿಂದಲೋ ಇಂಗ್ಲಿಷ್ ಪ್ಯಾರಾ ತಂದು ಅಂಟಿಸಿ, ತಲೆ ತಗ್ಗಿಸಿ ಓದಿ, ಒಂದು ಪ್ರಶ್ನೆ ಬಂದ ತಕ್ಷಣ ಬೆವರೋದು? ಇಂಗ್ಲಿಷಲ್ಲೇ ಮಾಡ್ಬೇಕು ಅಂತ ನಿಯಮ ಇದ್ರೆ ಮಾಡಿ, ಆದ್ರೆ ನಿಮಗೆ ಅರ್ಥ ಆದ ಸಣ್ಣ ವಾಕ್ಯದಲ್ಲಿ ಮಾಡಿ. ನಿಯಮ ಇಲ್ಲ ಅಂದ್ರೆ ಕನ್ನಡದಲ್ಲಿ ಮಾಡಿ. ಅಂಟಿಸಿದ ನೂರು ಪದಕ್ಕಿಂತ ಗೊತ್ತಿರೋ ಹತ್ತು ಪದ ಮೇಲು.

ಆ ಸೆಮಿನಾರ್ ಆದ ಮೂರು ವಾರಕ್ಕೆ ನನಗೆ ಇನ್ನೊಂದು ಅವಕಾಶ ಕೊಟ್ರು. ಈ ಸಲ ನಾಲ್ಕೇ ಸ್ಲೈಡ್, ನಾನೇ ಮಾಡಿದ್ದು. ಚೆನ್ನಾಗೇನೂ ಕಾಣ್ತಿರಲಿಲ್ಲ, ಒಂದು ಫೋಟೋ ಸೊಟ್ಟ ಕೂಡ ಇತ್ತು. ಮಾತು ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಕೈ ಎತ್ತಿ ಪ್ರಶ್ನೆ ಕೇಳಿದ. ಉತ್ತರ ನನಗೆ ಗೊತ್ತಿತ್ತು.

ನಾಳೆ ಲ್ಯಾಬಿಗೆ ಹೋದಾಗ ಐದು ಚೌಕದ ಹಾಳೆ ಜೇಬಲ್ಲಿರಲಿ. ಪಕ್ಕದ ಸೀಟಲ್ಲಿ ಯಾರಾದ್ರೂ ಮೌಸ್ ಹಿಡಿದು ಸುಮ್ಮನೆ ಕೂತಿದ್ರೆ, ನಗಬೇಡಿ, ಕಂಟ್ರೋಲ್ ಮತ್ತು ಎಂ ಹೇಳಿಕೊಡಿ.