ಟಗರು ಆರಿಸುವ ಮುನ್ನ ಹಿಕ್ಕೆ ನೋಡಿ



ಈ ಕುರಿ ಪ್ರದರ್ಶನದಲ್ಲಿ ಕೊಂಬು, ಮೈಕಟ್ಟು, ತೂಕ ನೋಡಿ ಬಹುಮಾನ ಕೊಡುತ್ತೇವೆ. ಕಣ್ಣಿಗೆ ಕಾಣದ ಒಂದು ಗುಣವೂ ಟಗರಿನಲ್ಲಿದೆ. ಅದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಈಶಾನ್ಯ ಮಳೆ ಬಿದ್ದು ಕಾಂಗೇಯಂ ಸೀಮೆಯ ಕೊರಂಗಾಡು ಎಂಬ ಮೇವಿನ ಹೊಲಗಳಲ್ಲಿ ಹುಲ್ಲು ಚಿಗುರಿದಾಗ ಕುರಿಯ ಜೊತೆ ಹೀಮಾಂಕಸ್ ಎಂಬ ಜಂತುವಿಗೂ ಸುಗ್ಗಿ. ಒದ್ದೆ ಹುಲ್ಲಿನ ಮೇಲೇರಿದ ಮರಿಹುಳು ಕುರಿಯ ನಾಲ್ಕನೇ ಹೊಟ್ಟೆ ಸೇರಿ ರಕ್ತ ಹೀರುತ್ತದೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ಕುಡಿದರೆ, ಸಾವಿರ ಹುಳುಗಳಿಗೆ 50 ಮಿಲಿಲೀಟರ್ ಬೇಕು. ಹೆಣ್ಣುಹುಳು ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ.

ಕುರಿಯ ಮೈ ಸುಮ್ಮನೆ ಕೂರುವುದಿಲ್ಲ. ಯಾವ ಜೀವಕೋಶವೂ ಇಷ್ಟು ದೊಡ್ಡ ಹುಳುವನ್ನು ನುಂಗಲಾರದು. ಹಾಗಾಗಿ ಎಲ್ಲವೂ ಕೂಡಿ ಮುತ್ತುತ್ತವೆ. ಟಿ ಕೋಶಗಳು ಸುದ್ದಿ ಮುಟ್ಟಿಸುತ್ತವೆ, ಹೊಟ್ಟೆಯ ಒಳಪದರ ಲೋಳೆ ಹೆಚ್ಚಿಸುತ್ತದೆ, ಮಾಸ್ಟ್ ಕೋಶಗಳು ಉರಿಯೂತ ಎಬ್ಬಿಸುತ್ತವೆ. 1879ರಲ್ಲಿ ಪಾಲ್ ಎರ್ಲಿಖ್ ಬಣ್ಣ ಹಾಕಿ ಗುರುತಿಸಿದ ಇಯೋಸಿನೋಫಿಲ್‌ಗಳು ಮರಿಹುಳುವಿಗೆ ಅಂಟಿಕೊಂಡು ವಿಷಕಣ ಸುರಿಯುತ್ತವೆ. ಕೆಲವು ಹುಳು ಹೊರಬೀಳುತ್ತವೆ. ಉಳಿದವು ಕುಗ್ಗಿ ಮೊಟ್ಟೆ ಕಡಿಮೆ ಇಡುತ್ತವೆ.

ಎಳೆಮರಿಗೆ ಈ ಬಲ ಇನ್ನೂ ಬಂದಿರುವುದಿಲ್ಲ. ಈಯುವ ಹೊತ್ತಿಗೆ ತಾಯಿಕುರಿಯಲ್ಲೂ ಇಳಿಯುತ್ತದೆ. ಆ ದಿನಗಳಲ್ಲಿ ಹಿಂಡಿ, ಸೊಪ್ಪು ಹೆಚ್ಚಿಗೆ ಹಾಕಿ.

ಜಂತಿನ ಔಷಧಿ ಬೇಕೇ ಬೇಕು. ಆದರೆ ಒಂದೇ ಔಷಧಿಯನ್ನು ಇಡೀ ಹಿಂಡಿಗೆ ಪದೇಪದೇ ಕುಡಿಸಿದರೆ ಅದಕ್ಕೆ ಜಗ್ಗದ ಹುಳುಗಳೇ ಉಳಿದು ಬೆಳೆಯುತ್ತವೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಬಿಳಿಚಿದ ಕುರಿಗೆ ಮಾತ್ರ ಔಷಧಿ ಕೊಡುವ ಪದ್ಧತಿ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿತು. ಇದು ಹೀಮಾಂಕಸ್‌ಗೆ ಸಲ್ಲುವ ಉಪಾಯ. ಆದರೆ ರೆಪ್ಪೆ ಕೆಂಪಗಿದ್ದ ಮಾತ್ರಕ್ಕೆ ಹುಳುವಿಲ್ಲ ಎನ್ನಲಾಗದು. ಕೆಲವು ಕುರಿಗಳು ಹುಳು ಹೊತ್ತೂ ತಡೆದುಕೊಳ್ಳುತ್ತವೆ. ನಿಜವಾದ ತಡೆಶಕ್ತಿ ತಿಳಿಯಲು ಹಿಕ್ಕೆಯಲ್ಲಿ ಮೊಟ್ಟೆ ಎಣಿಸಬೇಕು. ಈ ಶಕ್ತಿ ತಕ್ಕಮಟ್ಟಿಗೆ ಮರಿಗಳಿಗೂ ಇಳಿಯುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಟಗರು ಆರಿಸಲು ಇದೂ ಒಂದು ಅಳತೆ. ಬಂಗಾಳದ ಗರೋಲ್ ಕುರಿ ಈ ತಡೆಶಕ್ತಿಗೂ ಹೆಸರಾದದ್ದು.

ನಮ್ಮ ಮೇಚೇರಿ, ಕೊಯಮತ್ತೂರು ತಳಿಗಳ ಹಿಂಡುಗಳಲ್ಲೂ ಅಂಥ ಟಗರುಗಳನ್ನು ಹುಡುಕೋಣ. ಸಂಘಟಕರಲ್ಲಿ ನನ್ನದೊಂದೇ ಕೋರಿಕೆ: ಮುಂದಿನ ವರ್ಷ ತಕ್ಕಡಿಯ ಪಕ್ಕದಲ್ಲಿ ಒಂದು ಸೂಕ್ಷ್ಮದರ್ಶಕವನ್ನೂ ಇಡಿ, ಬಹುಮಾನದ ಅಂಕಗಳಲ್ಲಿ ಹಿಕ್ಕೆ ಪರೀಕ್ಷೆಗೂ ಪಾಲು ಕೊಡಿ. ಪ್ರದರ್ಶನ ಉದ್ಘಾಟನೆಯಾಗಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ.